ಅತ್ತೆಯ ಎಡಗಾಲು, ನನ್ನ ಮೊದಲ ಪುಟ

ವೆಬ್‌ಸೈಟ್ ಮಾಡಿಸಿಕೊಂಡವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: ನಿಮಗೆ ಹೇಳಬೇಕು ಅನ್ನಿಸಿದ್ದನ್ನು ಬರೆಯಬೇಡಿ, ಜನ ಕೇಳುವುದನ್ನು ಬರೆಯಿರಿ. ಇದನ್ನು ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಲ್ಲರ ಮುಖ ನೋಡಿ, ನಿಧಾನವಾಗಿ ಹೇಳುತ್ತಿದ್ದೆ. ಈಗ ಆ ಭಂಗಿ ನೆನೆದರೆ ನನ್ನ ಕಿವಿ ನನಗೇ ಬಿಸಿಯಾಗುತ್ತದೆ.

ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ, ಹಗ್ಗ ಮತ್ತು ಗೋಣಿಚೀಲ ಮಾರುವ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಸುತ್ತಲಿನ ಊರುಗಳ ಅಂಗಡಿಯವರಿಗೆ ವೆಬ್‌ಸೈಟ್ ಕಟ್ಟಿಕೊಡುವುದು, ಅದಕ್ಕೆ ಬ್ಲಾಗ್ ಬರೆಯುವುದು, ಯಾರಾದರೂ ಸರ್ಚ್ ಮಾಡಿದಾಗ ಅವರ ಪುಟ ಮೇಲೆ ಬರುವ ಹಾಗೆ ಮಾಡುವುದು ನನ್ನ ಕೆಲಸ. ಬಸವಾಪಟ್ಟಣದಲ್ಲಿ ಅಡಿಕೆ ಸಸಿ ಮಾರುವವರು, ಹೊನ್ನಾಳಿಯಲ್ಲಿ ಪಂಪು ಮೋಟಾರು ರಿಪೇರಿ ಮಾಡುವವರು, ಜಗಳೂರಿನಲ್ಲಿ ಕಂಬಳಿ ಮಾರುವವರು, ಹೀಗೆ ಒಂದಷ್ಟು ಜನ ನನ್ನ ಕೈಯಲ್ಲಿದ್ದರು.

ಕಂಬಳಿಯವರ ಕಥೆಯನ್ನು ನಾನು ಎಲ್ಲರಿಗೂ ಉದಾಹರಣೆ ಕೊಡುತ್ತಿದ್ದೆ. ಬಿಳಿಚೋಡಿನ ಕಡೆಯ ಕುರಿಗಾಹಿಗಳಿಂದ ಉಣ್ಣೆ ತಂದು ನೇಯಿಸುವ ಮನೆತನ ಅವರದು. ವೆಬ್‌ಸೈಟಿನ ಮೊದಲ ಪುಟದ ತುಂಬ ಅಜ್ಜ, ಮುತ್ತಜ್ಜನ ಪ್ರತಾಪ ಬರೆದುಕೊಂಡಿದ್ದರು. "ಸಾರ್, ನಿಮ್ಮ ಮುತ್ತಜ್ಜನನ್ನು ಯಾರೂ ಹುಡುಕುತ್ತಿಲ್ಲ" ಎಂದು ಹೇಳಿ, ಅದನ್ನೆಲ್ಲ ಕಿತ್ತು, 'ಕಂಬಳಿ ತೊಳೆಯುವುದು ಹೇಗೆ' ಎಂಬ ಪುಟ ಬರೆಸಿದೆ. ಎಲ್ಲೆಲ್ಲಿಂದಲೋ ಜನ ಬಂದು ಓದಿದರು, ಓದಿದವರಲ್ಲಿ ಕೆಲವರು ಕಂಬಳಿ ಕೊಂಡರು. ಅವರು ನನ್ನ ಪಾಠವನ್ನು ದೇವರ ಮಾತಿನಂತೆ ನಂಬಿದರು. ಅವರಿಗಿಂತ ಹೆಚ್ಚು ನಂಬಿದವಳು ನಾನು.

ಇವರೆಲ್ಲರನ್ನೂ ತಿಂಗಳಿಗೊಮ್ಮೆ ಹೊನ್ನಾಳಿಯಲ್ಲಿ, ಮೋಟಾರಿನವರ ಗೋದಾಮಿನಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದೆ. ಒಂದು ಸಲ ಪಾಠದ ನಡುವೆಯೇ ಮೋಟಾರಿನವರು ಕೈ ಎತ್ತಿದರು.

"ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನಮ್ದೆಲ್ಲ ಮೇಲೆ ತರ್ತೀನಿ ಅಂತೀರಲ್ಲ, ನಿಮ್ ಬ್ಲಾಗ್ ಎಲ್ಲೈತೆ? ನಿನ್ನೆ ಹುಡುಕ್ದೆ. ಬೆರಳು ನೋಯೋತನ ಕೆಳಗೆ ಹೋದ್ರೂ ಸಿಗ್ಲಿಲ್ಲ. ಪುರಾಣ ಹೇಳಾಕೆ, ಬದನೆಕಾಯಿ ತಿನ್ನಾಕೆ ಅಂದಂಗಾತು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿದುಹೋಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ಮುಚ್ಚಿಡಲು ಹೋಗಿ ಇನ್ನಷ್ಟು ಕೆಡಿಸಿಕೊಳ್ಳುವ ಸ್ವಭಾವ. "ಮುಂದಿನ ಪಾಠಕ್ಕೆ ಬರುವಷ್ಟರಲ್ಲಿ ನನ್ನದೊಂದು ಪುಟ ಎಲ್ಲಕ್ಕಿಂತ ಮೇಲೆ ಇರದಿದ್ದರೆ ಕೇಳಿ" ಎಂದು ಸವಾಲು ಹಾಕಿಬಿಟ್ಟೆ.

ಅವತ್ತು ಪಾಠ ಮುಗಿಸಿ ಏಳುವಾಗ ಕಂಬಳಿಯವರ ಸೊಂಟ ಹಿಡಿದುಕೊಂಡಿತು. ನೆಲದಿಂದ ಅರ್ಧ ಎದ್ದವರು ಅಲ್ಲೇ ನಿಂತುಬಿಟ್ಟರು. "ಕಾಲು ಮುಂದಾಗಿ ಹುಟ್ಟಿದೋರು ಯಾರಾದ್ರೂ ಇದ್ರೆ ಒದಿಸ್ರಿ, ಬಿಡ್ತೈತೆ" ಎಂದು ಸಸಿಯವರು ತಮಾಷೆ ಮಾಡಿದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ನಂಬಿಕೆ. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರ ಪಾದ ತಾಗಿದರೆ ಸೊಂಟದ ಉಳುಕು ಹೋಗುತ್ತದೆ ಅನ್ನುತ್ತಾರೆ. ಹೋಗುತ್ತದೋ ಇಲ್ಲವೋ ನಾನು ಕಾಣೆ. ಬಹಳಷ್ಟು ಉಳುಕುಗಳು ತಾವಾಗಿಯೇ ಹೋಗುತ್ತವೆ ಎಂದು ಡಾಕ್ಟರುಗಳು ಹೇಳುತ್ತಾರೆ. ಆದರೆ ಆ ಕ್ಷಣ ನನಗೆ ಹೊಳೆದದ್ದು ಬೇರೆ. ಸೊಂಟ ಯಾರಿಗೆ ಹಿಡಿಯುವುದಿಲ್ಲ? ಹಿಡಿದಾಗ ಯಾರು ಫೋನಿನಲ್ಲಿ ಹುಡುಕುವುದಿಲ್ಲ? ಮತ್ತು ನನ್ನ ಸ್ವಂತ ಅತ್ತೆ, ಅಪ್ಪನ ಅಕ್ಕ, ಕಾಲು ಮುಂದಾಗಿ ಹುಟ್ಟಿದವಳು.

ಅತ್ತೆಯದು ನ್ಯಾಮತಿಯ ಹತ್ತಿರದ ಒಂದು ಹಳ್ಳಿ. ಅವಳ ಕಾಲಿನ ವಿಷಯ ಸುತ್ತಲಿನ ನಾಲ್ಕು ಹಳ್ಳಿಗೆ ಗೊತ್ತಿತ್ತು, ಅಷ್ಟೇ. ವಾರಕ್ಕೆ ಒಬ್ಬರೋ ಇಬ್ಬರೋ ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬರುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಅವರನ್ನು ಬೋರಲು ಮಲಗಿಸಿ, ಅತ್ತೆ ಕಂಬ ಹಿಡಿದುಕೊಂಡು ಎಡಗಾಲಿನಿಂದ ಅವರ ಸೊಂಟವನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ನೀವುತ್ತಿದ್ದಳು. ಒದೆಯುವುದಲ್ಲ, ಸುಮ್ಮನೆ ಸೋಕಿಸುವುದು. ಆಮೇಲೆ ಪೂರ್ತಿ ಬಗ್ಗಿ, ಕಾಲು ತಾಗಿದ ಜಾಗವನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು "ತಪ್ಪಾಯ್ತು" ಅನ್ನುತ್ತಿದ್ದಳು. ಮಲಗಿದವರು ಊರ ಹಿರಿಯರಾಗಲಿ, ಎಮ್ಮೆ ಕಾಯುವ ಹುಡುಗಿಯಾಗಲಿ, ಆ ಮಾತು ತಪ್ಪುತ್ತಿರಲಿಲ್ಲ. ನಾವೆಲ್ಲ ಯಾರಿಗಾದರೂ ಅಪ್ಪಿತಪ್ಪಿ ಕಾಲು ತಾಗಿದರೆ ಮಾಡುವುದನ್ನು ಅವಳು ಬೇಕೆಂದೇ ತಾಗಿಸಿ ಮಾಡುತ್ತಿದ್ದಳು. ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟುತ್ತಿರಲಿಲ್ಲ. ಎದ್ದವರು ಮಾತಾಡಬಾರದು, ಹಿಂದಕ್ಕೆ ತಿರುಗಿ ನೋಡಬಾರದು, ನಾವು ಎಲ್ಲ ಕಡೆ ಹೇಳುವಂತೆ "ಬರ್ತೀನಿ" ಎಂದು ಹೇಳಲೇಬಾರದು. ಬರ್ತೀನಿ ಅಂದರೆ ಉಳುಕೂ ಜೊತೆಗೆ ಬರುತ್ತದಂತೆ.

ನಾನು ಅವಳ ಒಪ್ಪಿಗೆ ಕೇಳದೆ ಬರೆದೆ ಎಂದಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಕೇಳಿದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಅತ್ತೆ, ನಿನ್ನ ಕಾಲಿನ ವಿಷಯ ಬ್ಲಾಗಿನಾಗೆ ಬರೀಲಾ?"

"ಅದ್ರಾಗ್ ಬರ್ದ್ರೆ ಏನಾಗ್ತೈತೆ?"

"ದೂರದೋರಿಗೂ ಗೊತ್ತಾಗ್ತೈತೆ."

ಅವಳು ಒಂದು ಗಳಿಗೆ ಕೈ ನಿಲ್ಲಿಸಿದಳು. "ಬರ್ಕೋ ತಾಯಿ. ನಾಲ್ಕು ಜನಕ್ಕೆ ಒಳ್ಳೇದಾದ್ರೆ ಆಗ್ಲಿ. ಆದ್ರೆ ನಾನು ತಪ್ಪಾಯ್ತು ಅಂತೀನಲ್ಲ, ಅದನ್ನ ಬಿಡಬ್ಯಾಡ. ಇಲ್ಲಾಂದ್ರೆ ಇದ್ಯಾವ್ದೋ ಸೊಕ್ಕಿನ ಮುದುಕಿ, ಕಂಡೋರ್ ಮೇಲೆಲ್ಲ ಕಾಲಿಡ್ತಾಳೆ ಅಂದ್ಕಂತಾರೆ."

"ಬಿಡ್ತೀನಾ ಅತ್ತೆ" ಅಂದೆ.

ಬರೆದೆ. ಮೊದಲ ಸಲ ಅದನ್ನೂ ಸೇರಿಸಿಯೇ ಬರೆದೆ. ಆಮೇಲೆ ನನ್ನ ವಿದ್ಯೆ ಕೆಲಸ ಶುರುಮಾಡಿತು. ಜನ ಏನೆಂದು ಹುಡುಕುತ್ತಾರೆ ಎಂದು ನೋಡಿದೆ. 'ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಹೋಗುತ್ತಾ' ಎಂದು ಕೇಳುವವರು ಬೇಕಾದಷ್ಟು. 'ಸೋಕಿಸಿದರೆ' ಎಂದು ಕೇಳುವವರು ಇಲ್ಲವೇ ಇಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ ಒದೆ ಬಂತು. ಉಪಶೀರ್ಷಿಕೆಗಳಲ್ಲಿ ಒದೆ ಬಂತು. ಸರ್ಚಿನಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲಿನ ವಿವರಣೆಯಲ್ಲಿ ಇನ್ನೊಂದು ಸಲ ಒದೆ ಬಂತು. ಓದುವವರು ಮೊದಲ ಪ್ಯಾರಾದಲ್ಲೇ ಉತ್ತರ ಸಿಗದಿದ್ದರೆ ಎದ್ದು ಹೋಗುತ್ತಾರೆ, ಆದ್ದರಿಂದ ಎಲ್ಲಿಗೆ ಬರಬೇಕು, ಯಾವ ಹೊತ್ತಿಗೆ ಬರಬೇಕು, ನ್ಯಾಮತಿಯಲ್ಲಿ ಇಳಿದು ಯಾವ ಬಸ್ಸು ಹತ್ತಬೇಕು ಎಂಬುದೆಲ್ಲ ಮೇಲೇರಿತು. ಕೊನೆಗೆ ಉಳಿದದ್ದು ಅತ್ತೆ ಬಗ್ಗುವ, ಕಣ್ಣಿಗೊತ್ತಿಕೊಳ್ಳುವ ಆ ಪ್ಯಾರಾ. ಅದನ್ನು ಯಾರೂ ಹುಡುಕುವುದಿಲ್ಲ. ಪುಟ ಉದ್ದವಾಯಿತು ಅನ್ನಿಸಿತು. ತೆಗೆದುಹಾಕಿದೆ. ಅತ್ತೆಗೆ ಕೊಟ್ಟ ಮಾತು ಆಗ ನೆನಪಾಗಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ನೆನಪಾಯಿತು. ಅವಳು ಎಲ್ಲಿ ಓದುತ್ತಾಳೆ ಅಂದುಕೊಂಡೆ.

ಬೇರೆ ವೆಬ್‌ಸೈಟುಗಳಿಂದ ಲಿಂಕ್ ಬಂದಷ್ಟೂ ಪುಟಕ್ಕೆ ಬೆಲೆ. ಕಂಬಳಿಯವರ ಬ್ಲಾಗಿನಲ್ಲಿ 'ಸೊಂಟಕ್ಕೆ ಕಂಬಳಿಯ ಕಾವು' ಎಂದು ಬರೆದು ಅಲ್ಲಿಂದೊಂದು ಲಿಂಕ್ ಕೊಟ್ಟೆ. ಸಸಿಯವರಲ್ಲಿ 'ತೋಟದ ಕೆಲಸದಲ್ಲಿ ಬೆನ್ನಿನ ಕಾಳಜಿ' ಎಂದು ಬರೆದು ಇನ್ನೊಂದು. ಮುಂದಿನ ಪಾಠಕ್ಕೆ ಹೊನ್ನಾಳಿಗೆ ಹೋದಾಗ ಮೋಟಾರಿನವರೇ ತಮ್ಮ ಫೋನಿನಲ್ಲಿ ಹುಡುಕಿದರು. ಎಲ್ಲಕ್ಕಿಂತ ಮೇಲೆ ನನ್ನ ಪುಟ. "ಸೋತೆ ಮೇಡಂ" ಎಂದು ಕೈ ಮುಗಿದು, ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಅವತ್ತಿನ ಮಂಡಕ್ಕಿ ನನಗೆ ಬಹಳ ರುಚಿಸಿತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸ್ವಲ್ಪ ದಿನಕ್ಕೆ ಅತ್ತೆಯ ಸೊಸೆ ಫೋನ್ ಮಾಡಿದಳು. "ಅಕ್ಕಾ, ಯಾರ್ಯಾರೋ ಬರಾಕತ್ತಾರೆ. ಕಾರಿನಾಗೆಲ್ಲ ಬರ್ತಾರೆ." ನಾನು ಹಿಗ್ಗಿ, "ಒಳ್ಳೇದಾತಲ್ಲ!" ಅಂದೆ. ಅವಳು ಫೋನ್ ಇಟ್ಟುಬಿಟ್ಟಳು. ಎರಡನೆಯ ಸಲ ಮಾಡಿದಾಗ ಅವಳ ದನಿ ಗಡುಸಾಗಿತ್ತು. "ಒಂದ್ಸಲ ಬಂದು ನೋಡ್ಕಂಡು ಹೋಗ್ರಿ ಅಕ್ಕಾ."

ಹೋದೆ. ಓಣಿಯ ತುಂಬ ಬೈಕು, ಕಾರು. ಪಡಸಾಲೆಯಿಂದ ಅಂಗಳದವರೆಗೆ ಸೊಂಟ ಹಿಡಿದುಕೊಂಡ ಜನ, ಸೊಂಟ ಹಿಡಿಯದೆಯೂ ನೋಡಲು ಬಂದ ಜನ. ಅತ್ತೆ ಕಂಬ ಹಿಡಿದು ನಿಂತಿದ್ದಳು. ಬೆಳಿಗ್ಗೆಯಿಂದ ಅವಳ ಬಾಯಿಗೂ ಏನೂ ಹೋಗಿರಲಿಲ್ಲ, ಎಲ್ಲರನ್ನೂ ಮುಗಿಸದೆ ಅವಳು ಉಣ್ಣುವಂತಿಲ್ಲ. ಮನೆ ಬಾಗಿಲಿಗೆ ಉಳುಕೆಂದು ಬಂದವರನ್ನು ವಾಪಸು ಕಳಿಸುವಂತೆಯೂ ಇಲ್ಲ. ಈ ನೇಮಗಳು ವಾರಕ್ಕೊಬ್ಬರು ಬರುವ ಕಾಲದಲ್ಲಿ ಹುಟ್ಟಿದವು.

ಕಾಲು ಎತ್ತುವುದು ಅವಳಿಗೆ ಕಷ್ಟವಾಗಿರಲಿಲ್ಲ. ಬಗ್ಗುವುದು ಕಷ್ಟವಾಗಿತ್ತು. ಪ್ರತಿಯೊಬ್ಬರಿಗೂ ಕಂಬ ಹಿಡಿದೇ ಜಾರಿಕೊಂಡು ಕೆಳಗಿಳಿದು, ಮುಟ್ಟಿ, ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ಎಂದು, ಮತ್ತೆ ಕಂಬ ಹಿಡಿದು ಮೇಲೇಳಬೇಕು. ಅಂಗಳದಲ್ಲಿ ಮೂವರು ತರುಣರು ಫೋನ್ ಹಿಡಿದು ನಿಂತಿದ್ದರು. ಅವರಲ್ಲೊಬ್ಬ ಚಾಪೆಯ ಮೇಲೆ ಮಲಗಿ, "ಅಜ್ಜಿ, ಜೋರಾಗಿ ಒದೀರಿ, ವಿಡಿಯೋದಾಗೆ ಕಾಣ್ಬೇಕು" ಅಂದ. ಉಳಿದವರು ಕಿಸಕ್ಕನೆ ನಕ್ಕರು.

"ಒದಿಯಾದಲ್ಲಪ್ಪಾ ಇದು" ಎಂದಳು ಅತ್ತೆ.

"ಒದೆ ಅಂತಾನೇ ಬರ್ದೈತಲ್ಲ ಅಜ್ಜಿ!"

ಅತ್ತೆ ಅವನಿಗೂ ಸೋಕಿಸಿ, ಅವನಿಗೂ ಬಗ್ಗಿದಳು. ಮೊಣಕಾಲು ನೆಲಕ್ಕೆ ತಾಗಿದ್ದು ಏಳಲಿಲ್ಲ. ಸೊಸೆ ಓಡಿಬಂದು ಕಂಕುಳಿಗೆ ಕೈ ಹಾಕಿ ಎತ್ತಿದಳು. ಸರತಿಯಲ್ಲಿದ್ದ ಒಬ್ಬರು, ಪಾಪ, ಕೆಟ್ಟವರೇನಲ್ಲ, ಅವರಿಗೂ ಊರಿಗೆ ಹೋಗುವ ಬಸ್ಸಿನ ಚಿಂತೆ ಇದ್ದಿರಬೇಕು, ಫೋನ್ ಎತ್ತಿ ತೋರಿಸಿ ಹೇಳಿದರು: "ಬಗ್ಗೋದು ಯಾಕ್ರೀ ಅಮ್ಮಾ, ಹೊತ್ತಾಗ್ತೈತೆ. ಇದ್ರಾಗೆ ಅದೇನ್ ಬರ್ದಿಲ್ಲ."

ಅತ್ತೆ ಆ ಫೋನನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಅಲ್ಲಿ ಏನಿಲ್ಲ ಎಂಬುದನ್ನು ಸರತಿಯವರು ಗಟ್ಟಿಯಾಗಿ ಹೇಳಿಯಾಗಿತ್ತು. ಅತ್ತೆ ಅಡುಗೆಮನೆಯ ಕಡೆ ಕೈ ತೋರಿಸಿದಳು. "ಒಳಗ್ ಹೋಗಿ ಉಣ್ಣವ್ವಾ, ಬಿಸಿಲಾಗ್ ಬಂದೀಯ" ಅಂದಳು, ಮುಂದಿನವರಿಗೆ ಚಾಪೆ ತೋರಿಸಿದಳು. ನಾನು ಒಳಗೆ ಹೋಗಿ ತಟ್ಟೆಯ ಮುಂದೆ ಕೂತೆ. ಮುದ್ದೆ ಮುರಿದೆ, ಹಾಗೆಯೇ ತಟ್ಟೆಯಲ್ಲಿ ಬಿಟ್ಟು ಎದ್ದೆ.

ಆವತ್ತು ಚನ್ನಗಿರಿಗೆ ಬಂದವಳೇ ಪುಟವನ್ನು ಅಳಿಸಿದೆ. ಅಳಿಸಿದರೆ ಮುಗಿಯಿತು ಅಂದುಕೊಂಡಿದ್ದರೆ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಹೊತ್ತಿಗೆ ಯಾರು ಯಾರೋ ಅದನ್ನು ಇಡಿಯಾಗಿ ಎತ್ತಿ ತಮ್ಮ ಬ್ಲಾಗುಗಳಲ್ಲಿ ಹಾಕಿಕೊಂಡಿದ್ದರು. ಒಬ್ಬರು 'ಒದೆಯುವ ಅಜ್ಜಿ' ಎಂದು ಹೆಸರಿಟ್ಟಿದ್ದರು. ತರುಣರ ವಿಡಿಯೋಕ್ಕೂ ಅದೇ ಹೆಸರು, ಅದರಲ್ಲಿ ಕಾಲು ತಾಗುವುದಷ್ಟೇ ಇದೆ, ಬಗ್ಗುವ ಮೊದಲೇ ಕತ್ತರಿಸಿದ್ದಾರೆ. ಅವರನ್ನು ಬೈಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ನಾನು ಕತ್ತರಿಸಿದ ಜಾಗದಲ್ಲೇ ಅವರೂ ಕತ್ತರಿಸಿದ್ದರು. ಪುಟ ತೆಗೆಯಿರಿ ಎಂದು ಕಂಡಕಂಡವರಿಗೆಲ್ಲ ಮೇಲ್ ಬರೆದೆ, ಯಾರೂ ಉತ್ತರಿಸಲಿಲ್ಲ. ಈಗಂತೂ ಸರ್ಚ್ ಮಾಡಿದರೆ ಉತ್ತರವನ್ನು ಯಂತ್ರವೇ ಬರೆದು ಮೇಲೆ ತೋರಿಸುತ್ತದೆ. ಅದರಲ್ಲಿ ನನ್ನದೇ ವಾಕ್ಯ, ನನ್ನದೇ ಒದೆ.

ಆಮೇಲೆ ಇನ್ನೊಂದು ಪುಟ ಬರೆದೆ. ಅದರಲ್ಲಿ ಒದೆ ಎಂಬ ಪದವಿಲ್ಲ, ಊರಿನ ಗುರುತಿಲ್ಲ. ಕಾಲು ಸೋಕಿಸುವುದು, ಬಗ್ಗುವುದು, ಕಣ್ಣಿಗೊತ್ತಿಕೊಳ್ಳುವುದು, ಅವಳು ಹೇಳುವ ಮಾತು, ಎಲ್ಲ ಇದೆ. ಈಗ ಅವಳಿಗೆ ಆಗುವುದಿಲ್ಲ, ದಯವಿಟ್ಟು ಹೋಗಬೇಡಿ ಎಂದೂ ಇದೆ. ನನಗೆ ಗೊತ್ತಿದ್ದ ಎಲ್ಲ ಉಪಾಯವನ್ನೂ ಹಾಕಿದೆ. ಅದು ಇವತ್ತಿಗೂ ಎಲ್ಲೋ ಹಿಂದೆ ಬಿದ್ದಿದೆ. ಮೇಲೆ ಹತ್ತಿಸುವ ವಿದ್ಯೆ ಗೊತ್ತು ಎಂದು ಬೀಗಿದವಳಿಗೆ, ತಾನೇ ಹತ್ತಿಸಿದ್ದನ್ನು ಇಳಿಸಲು ಬರಲಿಲ್ಲ. ಹೊನ್ನಾಳಿಯ ಪಾಠ ನಿಲ್ಲಿಸಿದೆ. ಮೋಟಾರಿನವರು ಫೋನ್ ಮಾಡಿ "ನಮ್ ಮೇಲೆ ಸಿಟ್ಟೇನ್ರೀ ಮೇಡಂ?" ಅಂದರು. "ಇಲ್ಲ, ಹುಷಾರಿಲ್ಲ" ಎಂದು ಸುಳ್ಳು ಹೇಳಿದೆ.

ಆ ಸುಳ್ಳು ನಿಜವಾಗಲು ಬಹಳ ದಿನ ಬೇಕಾಗಲಿಲ್ಲ. ಅದಕ್ಕೂ ಮೊದಲೇ ಅತ್ತೆ ಹಾಸಿಗೆ ಹಿಡಿದಳು. ಯಾರಿಗೋ ಬಗ್ಗಿದವಳ ಸೊಂಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳಂತೆ. ಹೊನ್ನಾಳಿಯ ಡಾಕ್ಟರು ಇನ್ನು ಬಗ್ಗಲೇಬಾರದು ಎಂದರಂತೆ. ಊರವರ ಉಳುಕು ತೆಗೆದವಳಿಗೆ ಸೋಕಿಸಲು ಆ ಕಡೆ ಅಂಥ ಇನ್ನೊಬ್ಬರ ಕಾಲಿರಲಿಲ್ಲ. ಬಂದವರನ್ನು ಸೊಸೆಯೇ ಬಾಗಿಲಲ್ಲಿ ನಿಂತು ಕಳಿಸತೊಡಗಿದಳು. "ಬಾಗಿಲಿಗ್ ಬಂದೋರ್ನ ಹಂಗೇ ಕಳ್ಸಂಗಾತಲ್ಲ" ಎಂದು ಅತ್ತೆ ಒಳಗೆ ಗೋಡೆ ಕಡೆ ತಿರುಗಿ ಅಳುತ್ತಿದ್ದಳಂತೆ. ಇದನ್ನೆಲ್ಲ ಸೊಸೆ ಫೋನಿನಲ್ಲಿ ಹೇಳಿದಳು. ಓಣಿಯ ಮಕ್ಕಳು ಅವಳನ್ನು ಒದೆಯಜ್ಜಿ ಅನ್ನುತ್ತಾರೆ ಎಂಬುದನ್ನು ಸೊಸೆ ಹೇಳಲಿಲ್ಲ, ಅದು ಆಮೇಲೆ ನನ್ನ ಕಿವಿಗೇ ಬಿತ್ತು.

ಹೋಗಬೇಕು, ಕೂತು ಅವಳ ಕೈ ಹಿಡಿದು ತಪ್ಪಾಯ್ತು ಅನ್ನಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ದಿನವೂ ಏನೋ ಒಂದು ನೆಪ ಸಿಗುತ್ತಿತ್ತು. ಕೊನೆಗೆ ಹೊರಟ ದಿನ ಬೆಳಿಗ್ಗೆ, ಮಂಚದ ಕೆಳಗಿನ ಚಪ್ಪಲಿ ತೆಗೆಯಲು ಬಗ್ಗಿದವಳ ಸೊಂಟ ಹಿಡಿದುಕೊಂಡಿತು. ವರ್ಷಾನುಗಟ್ಟಲೆ ಕಂಪ್ಯೂಟರ್ ಮುಂದೆ ಕೂತ ಸೊಂಟ, ಯಾವತ್ತೋ ಹಿಡಿಯಬೇಕಿತ್ತು, ಅವತ್ತೇ ಹಿಡಿಯಿತು. ಇವತ್ತು ಬಿಟ್ಟರೆ ಮತ್ತೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ.

ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುರ್ಚಿಯಲ್ಲಿ ಕೂತಿದ್ದಳು. ಅಂಗಳದಲ್ಲಿ ನಾನು ಡೊಂಕಾಗಿ ನಡೆದು ಬರುವುದನ್ನು ನೋಡುತ್ತಲೇ ಅವಳಿಗೆ ತಿಳಿಯಿತು. ಬಾಯಿ ತೆರೆದು ನಾನು "ಅತ್ತೆ..." ಅನ್ನುವಷ್ಟರಲ್ಲಿ ಸೊಸೆಯ ಕಡೆ ತಿರುಗಿ "ಚಾಪೆ ಹಾಸು" ಅಂದಳು.

"ಬ್ಯಾಡತ್ತೆ! ನಾನು ಅದಕ್ಕ್ ಬಂದಿಲ್ಲ. ನಿನ್ನ ಹತ್ರ ಒಂದ್ ಮಾತು..."

"ಏನಾರ ತಿಂದೀಯೇನು?"

"ಇಲ್ಲ."

"ಹಂಗಾದ್ರೆ ಮಲ್ಕ. ಮಾತು ಎಲ್ಲಿಗೂ ಓಡಿ ಹೋಗಾದಿಲ್ಲ."

ಮಲಗಿದೆ. ಸೊಸೆ ಒಂದು ಕಡೆ ಹಿಡಿದುಕೊಂಡಳು, ಇನ್ನೊಂದು ಕಡೆ ಕಂಬ. ಅತ್ತೆಯ ಪಾದ ನನ್ನ ಸೊಂಟದ ಮೇಲೆ ಬಂತು. ಅಷ್ಟು ಹಗುರಾಗಿ ಬಂತು, ಒಣಗಿದ ಹಿಮ್ಮಡಿ ಸೀರೆಗೆ ಸಿಕ್ಕಿ ಪರಪರ ಎಂದು ಸದ್ದಾಯಿತು, ಅಷ್ಟೇ. ಮೂರು ಸಲ. ಇದಕ್ಕೆ ನಾನು ಒದೆ ಎಂದು ಬರೆದಿದ್ದೆ.

ಆಮೇಲೆ ಅವಳು ಬಗ್ಗಲು ಹೋದಳು. "ಬ್ಯಾಡತ್ತೆ, ಡಾಕ್ಟ್ರು..." ಎಂದು ಸೊಸೆ ತಡೆದಳು. ಅತ್ತೆ ಹಿಂದೆ ಸರಿದು, ಕುರ್ಚಿಯಲ್ಲಿ ಕೂತು, "ಎದ್ ಬಾ ಇಲ್ಲಿ" ಅಂದಳು. ಎದ್ದು ಹತ್ತಿರ ಹೋದೆ. ಕೂತಲ್ಲಿಂದಲೇ ಕೈ ಚಾಚಿ ನನ್ನ ಸೊಂಟ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ತಪ್ಪಾಯ್ತು ತಾಯಿ" ಅಂದಳು.

ಅವಳ ಮುಂದೆ ಮೊಣಕಾಲೂರಿ, ಇಷ್ಟು ದಿನ ಹೊತ್ತುಕೊಂಡು ಬಂದಿದ್ದ ಅದೇ ಮಾತನ್ನು ಹೇಳಲು ಬಾಯಿ ತೆರೆದೆ. ಅತ್ತೆ ಥಟ್ಟನೆ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಮಾತಾಡಬಾರ್ದು. ಗೊತ್ತಿಲ್ಲೇನು ನಿಂಗೆ? ಹಿಂದಕ್ ನೋಡ್ದಂಗೆ ಹೋಗು."

ಅದು ಅವಳ ನೇಮ. ಒಮ್ಮೆ ಬ್ಲಾಗಿನಲ್ಲಿ ಜಾಗ ಸಾಲದೆಂದು ಅವಳ ನೇಮ ಮುರಿದವಳು, ಅವಳ ಮುಂದೆಯೇ ಮತ್ತೆ ಹೇಗೆ ಮುರಿಯಲಿ? ಬಾಯಿ ಮುಚ್ಚಿಕೊಂಡು ಅಂಗಳ ದಾಟಿದೆ. ಬರ್ತೀನಿ ಅನ್ನಲಿಲ್ಲ. ಹಿಂದೆ ಅತ್ತೆ ಸೊಸೆಗೆ "ಊಟ ಮಾಡ್ಕಂಡ್ ಹೋಗು ಅನ್ನಾಕೂ ಆಗ್ಲಿಲ್ಲ ನೋಡು" ಅನ್ನುತ್ತಿದ್ದುದು ಕೇಳಿಸಿತು.

ಬಸ್ಸು ಹೊನ್ನಾಳಿಯ ಹೊಳೆ ದಾಟುವಾಗ ಕೈಚೀಲ ಜಾರಿ ಸೀಟಿನ ಕೆಳಗೆ ಬಿತ್ತು. ಯೋಚಿಸದೆ ಬಗ್ಗಿ ಎತ್ತಿಕೊಂಡೆ. ಸಲೀಸಾಗಿ ಬಗ್ಗಿದ್ದೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ.